ಅಡುಗೆಮನೆ ಹೊಸದು ಮಾಡುವುದು, ಕಪಾಟು ನಾವೇ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಡುಗೆಮನೆ ಬದಲಾಯಿಸಬೇಕು ಅಂದಾಗ ಕಣ್ಣು ಮೊದಲು ಹೋಗುವುದು ಬಾಗಿಲಿನ ಬಣ್ಣದ ಮೇಲೆ. ಆದರೆ ಕಪಾಟು ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಕಣ್ಣಿಗೆ ಬೀಳದ ಭಾಗಗಳ ಮೇಲೆ ನಿಂತಿದೆ: ಒಳಗಿನ ಹಲಗೆ, ಅದರ ಅಂಚು, ಹಿಂಜ್, ಗೋಡೆಯೊಳಗೆ ಹೋಗಿರುವ ಸ್ಕ್ರೂ. ಅದಕ್ಕೇ ಇಲ್ಲಿ ಅವುಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮರಗೆಲಸ ಬರದವರೂ ಕಪಾಟು ಕಟ್ಟಬಹುದಾ?

ಕಟ್ಟಬಹುದು. ಅಡುಗೆಮನೆ ಕಪಾಟು ಅಂದರೆ ಒಂದು ಪೆಟ್ಟಿಗೆ, ಅಷ್ಟೇ. ಎರಡು ಪಕ್ಕದ ಹಲಗೆ, ಒಂದು ತಳ, ಮೇಲೆ ಎರಡು ಪಟ್ಟಿ, ಹಿಂದೆ ಒಂದು ತೆಳು ಹಲಗೆ. ಕುರ್ಚಿ ಮಾಡಲು ಬೇಕಾಗುವ ಕೈಚಳಕ ಇದಕ್ಕೆ ಬೇಡ. ನೇರವಾಗಿ ಕತ್ತರಿಸಲು ಬರಬೇಕು, ಅಳತೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಮೊದಲು ಬೇರೆ ಎಲ್ಲಾದರೂ ಇಡುವಂಥ ಒಂದು ಚಿಕ್ಕ ಕಪಾಟು ಮಾಡಿ ನೋಡಿ. ಅದರಲ್ಲಿ ಒಂದು ಬಾಗಿಲು, ಒಂದು ಡ್ರಾಯರ್ ಎರಡೂ ಇರಲಿ. ಅದು ಸರಿಯಾಗಿ ತೆರೆದು ಮುಚ್ಚಿದರೆ ಅಡುಗೆಮನೆಗೆ ಕೈ ಹಾಕಬಹುದು.

ಗ್ಯಾಸ್ ಪೈಪು, ಹೊಸ ವಿದ್ಯುತ್ ಲೈನು, ಗೋಡೆ ಒಡೆಯುವುದು, ಈ ಮೂರನ್ನು ಮಾತ್ರ ಬಲ್ಲವರಿಗೇ ಬಿಡಿ. ಒಂದು ಗೋಡೆ ಮೇಲಿನ ಭಾರ ಹೊರುತ್ತಿದೆಯೋ ಇಲ್ಲವೋ ಎಂದು ಬರಿಗಣ್ಣಿನಿಂದ ಹೇಳಲು ಆಗುವುದಿಲ್ಲ.

ಪ್ರಶ್ನೆ: ಹಳೆಯದನ್ನೆಲ್ಲ ಕಿತ್ತು ಹಾಕಲೇಬೇಕಾ?

ಬೇಕಾಗಿಲ್ಲ. ಕೆಲವು ಸಲ ಬಾಕ್ಸ್ ಗಟ್ಟಿಯಾಗಿರುತ್ತದೆ, ಬಾಗಿಲು ಮಾತ್ರ ಹಳತಾಗಿರುತ್ತದೆ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಸಿಂಕ್ ಕೆಳಗಿನ ತಳದ ಹಲಗೆ, ಹಿಂಭಾಗದ ಕೆಳ ಅಂಚು, ನೆಲಕ್ಕೆ ತಾಗಿದ ಜಾಗ, ಈ ಮೂರು ಕಡೆ ಒತ್ತಿ ನೋಡಿ. ತುದಿ ಒಳಗೆ ಇಳಿದರೆ ಆ ಬಾಕ್ಸ್ ಮುಗಿದಿದೆ. ಇಳಿಯದಿದ್ದರೆ ಹಿಂಜಿನ ಸ್ಕ್ರೂ ಒಂದನ್ನು ಬಿಚ್ಚಿ ಮತ್ತೆ ಹಾಕಿ. ಅದು ಬಿಗಿಯಾಗಿ ಕೂತರೆ ಹೊಸ ಬಾಗಿಲು, ಹೊಸ ಹಿಂಜ್ ಹಾಕಿದರೆ ಸಾಕು.

ತುಂಬಾ ಹಳೆಯ ಮನೆಯಾದರೆ ಒಡೆಯುವ ಮೊದಲು ಒಂದು ಮಾತು. ಹಳೆ ಬಣ್ಣದಲ್ಲಿ ಸೀಸ, ಹಳೆ ನೆಲಹಾಸು ಮತ್ತು ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅನುಮಾನ ಬಂದರೆ ಪರೀಕ್ಷೆ ಮಾಡಿಸುವ ತನಕ ಅದನ್ನು ಉಜ್ಜುವುದು, ಕತ್ತರಿಸುವುದು ಬೇಡ.

ಪ್ರಶ್ನೆ: ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು?

ಮೊದಲು ನಕ್ಷೆ ಮುಗಿಯಬೇಕು. ಸ್ಟವ್, ಸಿಂಕ್, ಓವನ್, ಫ್ರಿಜ್, ಚಿಮಣಿಯ ಮಾಡೆಲ್ ಕೂಡ ಆಗಲೇ ಗೊತ್ತಿರಬೇಕು. ಆಮೇಲೆ ಒಡೆಯುವುದು, ನಂತರ ಪೈಪು ಮತ್ತು ವೈರಿಂಗ್, ಅದಾದ ಮೇಲೆ ಗಾರೆ, ನೆಲ, ಗೋಡೆಗೆ ಮೊದಲ ಕೋಟ್ ಬಣ್ಣ. ಇಷ್ಟಾದ ಮೇಲೆ ಕಪಾಟು ಒಳಗೆ ಬರಲಿ. ಕಪಾಟು ಕೂತ ಮೇಲೆ ಕೌಂಟರಿನ ಕಲ್ಲು, ಕಲ್ಲು ಕೂತ ಮೇಲೆ ಅದರ ಹಿಂದಿನ ಟೈಲ್ಸ್.

ಕೌಂಟರಿನ ಅಳತೆಯನ್ನು ನಕ್ಷೆ ನೋಡಿ ಕೊಡಬೇಡಿ. ಕಪಾಟುಗಳು ಗೋಡೆಗೆ ಬಿಗಿಯಾದ ಮೇಲೆ ಅಲ್ಲೇ ಅಳೆದು ಕೊಡಬೇಕು.

ಪ್ರಶ್ನೆ: ನಕ್ಷೆ ಹೇಗೆ ಮಾಡುವುದು? ತ್ರಿಕೋನದ ಲೆಕ್ಕ ಅಂತಾರಲ್ಲ, ಅದೇನು?

ಅಡುಗೆಮನೆಯನ್ನು ಕೆಲಸದ ಲೆಕ್ಕದಲ್ಲಿ ಯೋಚಿಸುವುದು ಹೊಸದಲ್ಲ. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟ್ ಷುಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ವಸತಿ ಯೋಜನೆಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ 2 ಮೀಟರಿಗೂ ಕಡಿಮೆ, ಉದ್ದ ಸುಮಾರು 3.4 ಮೀಟರ್. ಅಷ್ಟರಲ್ಲೇ ಕೈಗೆಟಕುವಂತೆ ಎಲ್ಲಕ್ಕೂ ಜಾಗ ಮಾಡಿದ್ದರು. ಇಂದಿನ ಜೋಡಿಸಿದ ಅಡುಗೆಮನೆಗಳಿಗೆಲ್ಲ ಅದೇ ಮೂಲ. ತ್ರಿಕೋನದ ಲೆಕ್ಕ 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪ ಪಡೆಯಿತು. ಸಿಂಕ್, ಸ್ಟವ್, ಫ್ರಿಜ್ ಈ ಮೂರರ ನಡುವೆ ಗೆರೆ ಎಳೆದರೆ ಒಂದೊಂದು ಗೆರೆ 1.2ರಿಂದ 2.7 ಮೀಟರ್ ಇರಬೇಕು, ಮೂರೂ ಸೇರಿ 4ರಿಂದ 8 ಮೀಟರ್ ಒಳಗಿರಬೇಕು.

ಇದು ಒಳ್ಳೆಯ ಲೆಕ್ಕವೇ, ಆದರೆ ಒಂದೇ ಗೋಡೆಯ ಅಡುಗೆಮನೆಯಲ್ಲಿ ತ್ರಿಕೋನವೇ ಬರುವುದಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಖಾಲಿ ಕೌಂಟರ್ ಎಲ್ಲಿ ಉಳಿಯುತ್ತದೆ ಅನ್ನುವುದು. ಸಿಂಕ್ ಮತ್ತು ಸ್ಟವ್ ನಡುವೆ ಕಡೇಪಕ್ಷ 60 ಸೆಂ.ಮೀ. ಇರಲಿ, 90 ಸಿಕ್ಕರೆ ಇನ್ನೂ ಒಳ್ಳೆಯದು. ದಿನದ ಬಹುಪಾಲು ಕೆಲಸ ನಡೆಯುವುದು ಅಲ್ಲೇ. ಸ್ಟವ್‌ನ ಎರಡೂ ಪಕ್ಕ ಬಿಸಿ ಪಾತ್ರೆ ಇಳಿಸಲು ಜಾಗ ಬೇಕು. ಎದುರುಬದುರು ಕೌಂಟರ್ ಇದ್ದರೆ ನಡುವೆ 1 ಮೀಟರ್ ಬಿಡಿ, ಇಬ್ಬರು ಓಡಾಡುವುದಾದರೆ 1.2 ಮೀಟರ್.

ಕಾಗದದ ಮೇಲೆ ಬರೆದಾದ ಮೇಲೆ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಕಪಾಟುಗಳ ಗಡಿ ಗುರುತು ಮಾಡಿ. ಬಾಗಿಲು ತೆರೆದಾಗ ಎಲ್ಲಿಯ ತನಕ ಬರುತ್ತದೋ ಅಲ್ಲೂ ಒಂದು ಗೆರೆ ಇರಲಿ. ಎರಡು ಮೂರು ದಿನ ಆ ಗೆರೆಗಳ ಒಳಗೇ ಓಡಾಡಿ. ಓವನ್ ಬಾಗಿಲು ಮತ್ತು ಎದುರಿನ ಡ್ರಾಯರ್ ಒಂದಕ್ಕೊಂದು ಬಡಿಯುತ್ತವೆ ಅನ್ನುವುದು ಗೊತ್ತಾಗುವುದು ಆಗಲೇ.

ಪ್ರಶ್ನೆ: ಕೌಂಟರ್ ಎಷ್ಟು ಎತ್ತರ ಇರಬೇಕು?

ಸಾಮಾನ್ಯವಾಗಿ 85ರಿಂದ 90 ಸೆಂ.ಮೀ. ಆದರೆ ಅಡುಗೆ ಮಾಡುವವರ ಮೊಣಕೈ ನೋಡಿ ತೀರ್ಮಾನಿಸಿ. ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಅಲ್ಲಿಗೆ ಅಳೆಯಿರಿ. ಅದಕ್ಕಿಂತ 10ರಿಂದ 15 ಸೆಂ.ಮೀ. ಕೆಳಗೆ ಹೆಚ್ಚುವ ಜಾಗ ಬಂದರೆ ಬೆನ್ನು ಬಗ್ಗಿಸಬೇಕಾಗಿಲ್ಲ. ಸಿಂಕ್‌ನಲ್ಲಿ ಕೈ ಇನ್ನೂ ಕೆಳಗೆ ಇಳಿಯುತ್ತದೆ, ಹಾಗಾಗಿ ಅದು ಸ್ವಲ್ಪ ಎತ್ತರ ಇರಬಹುದು. ಸ್ಟವ್ ಮೇಲೆ ಪಾತ್ರೆಯ ಎತ್ತರವೂ ಸೇರುತ್ತದೆ, ಹಾಗಾಗಿ ಅದು ಸ್ವಲ್ಪ ಕೆಳಗಿರಬಹುದು.

ಬಾಕ್ಸ್ 720 ಮಿ.ಮೀ., ಕಾಲು 100, ಮೇಲಿನ ಕಲ್ಲು 30 ಅಂದರೆ ಒಟ್ಟು 850. ಕಾಲನ್ನು 150 ಮಾಡಿದರೆ 900. ಬಾಕ್ಸ್ ಅಳತೆ ಮುಟ್ಟದೆಯೇ ಎತ್ತರ ಹೊಂದಿಸಬಹುದು, ಇದೇ ಈ ಲೆಕ್ಕದ ಅನುಕೂಲ. ಕಾಲಿನ ಮುಂದಿನ ಪಟ್ಟಿ ಬಾಗಿಲಿಗಿಂತ 50ರಿಂದ 75 ಮಿ.ಮೀ. ಒಳಗೆ ಇರಲಿ. ಪಾದ ಒಳಗೆ ಹೋಗದಿದ್ದರೆ ದಿನವಿಡೀ ಮುಂದಕ್ಕೆ ಬಾಗಿ ನಿಲ್ಲಬೇಕಾಗುತ್ತದೆ.

ಪ್ರಶ್ನೆ: ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಯಾವುದು ತೆಗೆದುಕೊಳ್ಳಲಿ?

ಬಾಕ್ಸಿಗೆ 18 ಮಿ.ಮೀ. ಪ್ಲೈವುಡ್. ಇದರಲ್ಲಿ ಎರಡು ಮಾತಿಲ್ಲ ಅಂತ ನನ್ನ ಅಭಿಪ್ರಾಯ. ಪ್ಲೈವುಡ್‌ನಲ್ಲಿ ತೆಳು ಮರದ ಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿರುತ್ತಾರೆ. ಹಾಗಾಗಿ ಅದು ಹಿಗ್ಗುವುದು ಕುಗ್ಗುವುದು ಕಡಿಮೆ, ಸ್ಕ್ರೂ ಬಿಗಿಯಾಗಿ ಹಿಡಿಯುತ್ತದೆ. ಸಿಂಕ್ ಸುತ್ತ ಇರುವ ಬಾಕ್ಸುಗಳಿಗೆ ಮರೀನ್ ಗ್ರೇಡ್ ತೆಗೆದುಕೊಳ್ಳಿ. ಅದರ ಫೀನಾಲಿಕ್ ಅಂಟು ನೀರಿನಲ್ಲಿ ನೆನೆದರೂ ಸುಲಭವಾಗಿ ಬಿಡುವುದಿಲ್ಲ. ಹಾಗಂತ ಮರವೇ ನೀರು ಕುಡಿಯುವುದಿಲ್ಲ ಅಂತ ಅರ್ಥ ಅಲ್ಲ.

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದು ಅಗ್ಗ, ನೇರವಾಗಿಯೂ ಇರುತ್ತದೆ. ಆದರೆ ಅಂಚಿಗೆ ನೀರು ಹೊಕ್ಕಿತು ಅಂದರೆ ಊದಿಕೊಳ್ಳುತ್ತದೆ, ಆಮೇಲೆ ಮೊದಲಿನ ಹಾಗೆ ಆಗುವುದಿಲ್ಲ. ಸ್ಕ್ರೂ ಒಂದು ಸಲ ಬಿಚ್ಚಿ ಹಾಕಿದರೆ ಹಿಡಿತ ಕಡಿಮೆಯಾಗುತ್ತದೆ. ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದಕ್ಕೆ ಒಂದು ಜಾಗ ಇದೆ, ಬಣ್ಣ ಬಳಿಯುವ ಬಾಗಿಲು. ಮರದ ಎಳೆ ಇಲ್ಲದ್ದರಿಂದ ಬಣ್ಣ ಕನ್ನಡಿಯಂತೆ ನುಣ್ಣಗೆ ಕೂರುತ್ತದೆ.

ಅಂಗಡಿಯಲ್ಲಿ ಶೀಟಿನ ಮುಖ ನೋಡಿ ಮರುಳಾಗಬೇಡಿ, ಅಂಚು ನೋಡಿ. ಪದರಗಳ ನಡುವೆ ಕಪ್ಪು ತೂತು, ಸಂದು ಕಂಡರೆ ಒಳಗೆ ಟೊಳ್ಳಿದೆ ಅಂತಲೇ ಅರ್ಥ. ಬೆರಳ ಗೆಣ್ಣಿನಿಂದ ಶೀಟಿನ ಮೇಲೆ ತಟ್ಟುತ್ತಾ ಹೋಗಿ. ಸದ್ದು ಒಂದು ಕಡೆ ಬದಲಾದರೆ ಆ ಶೀಟು ಬಿಟ್ಟು ಬೇರೆ ಕೇಳಿ. ಕೊನೆಗೆ ಒಂದು ಮೂಲೆ ಎತ್ತಿ ಅಂಚಿನ ಉದ್ದಕ್ಕೂ ಕಣ್ಣು ಹಾಯಿಸಿ. ಡೊಂಕು ಇದ್ದರೆ ಆಗಲೇ ಕಾಣುತ್ತದೆ.

ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಅದು ಇದೆ. ಶೀಟಿನ ಮೇಲೆ ಇ1 ಅಥವಾ ಇ0 ಗುರುತು ಇದ್ದರೆ ಹೊರಬರುವ ಪ್ರಮಾಣ ಕಡಿಮೆ. ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿದರೆ ಇನ್ನೂ ಕಡಿಮೆಯಾಗುತ್ತದೆ.

ಪ್ರಶ್ನೆ: ಎಷ್ಟು ಶೀಟು ಬೇಕು ಅಂತ ಲೆಕ್ಕ ಹಾಕುವುದು ಹೇಗೆ?

ಚದರಡಿ ಲೆಕ್ಕ ಮಾಡಿ ಭಾಗಿಸಿದರೆ ಎಂದೂ ಸರಿಹೋಗುವುದಿಲ್ಲ. ತುಂಡುಗಳನ್ನು ಶೀಟಿನ ಚಿತ್ರದ ಮೇಲೆ ಕೂರಿಸಿಯೇ ನೋಡಬೇಕು. ಒಂದು ಉದಾಹರಣೆ ಪೂರ್ತಿ ಮಾಡೋಣ.

ಶೀಟು 2440 × 1220 ಮಿ.ಮೀ. ನಮಗೆ 600 ಅಗಲದ ಕೆಳಗಿನ ಕಪಾಟು 3 ಬೇಕು. ಪಕ್ಕದ ಹಲಗೆ 720 × 560, ಒಟ್ಟು 6. ಗರಗಸದ ಬ್ಲೇಡ್ ಪ್ರತಿ ಸಲ ಸುಮಾರು 3 ಮಿ.ಮೀ. ತಿನ್ನುತ್ತದೆ. 1220ರ ಅಗಲದಲ್ಲಿ 560ರ ಎರಡು ಪಟ್ಟಿ ಬರುತ್ತವೆ, 94 ಮಿ.ಮೀ. ಉಳಿಯುತ್ತದೆ. 2440ರ ಉದ್ದದಲ್ಲಿ 720ರ ಮೂರು ತುಂಡು, ಸುಮಾರು 270 ಉಳಿಯುತ್ತದೆ. ಅಲ್ಲಿಗೆ 6 ಪಕ್ಕದ ಹಲಗೆ ಆಯಿತು. ಉಳಿದದ್ದನ್ನು ಎಸೆಯಬೇಡಿ. ಬಾಕ್ಸಿನ ಒಳ ಅಗಲ 600ರಲ್ಲಿ ಎರಡು ಹಲಗೆಯ ದಪ್ಪ 36 ಕಳೆದರೆ 564. ಮೇಲಿನ ಪಟ್ಟಿಗಳೂ ಅದೇ ಉದ್ದ. 270ರ ತುಂಡನ್ನು ಶೀಟಿನ ಪೂರ್ತಿ ಅಗಲಕ್ಕೆ ಮೊದಲೇ ಅಡ್ಡ ಕತ್ತರಿಸಿ ತೆಗೆದಿಟ್ಟರೆ, ಆ 94ರ ಉದ್ದ ಪಟ್ಟಿಯಲ್ಲಿ 564ರ ಮೂರು ತುಂಡು ಸಿಗುತ್ತವೆ. 270ರ ತುಂಡನ್ನು 94ರ ಎರಡು ಪಟ್ಟಿಯಾಗಿ ಸೀಳಿದರೆ ಇನ್ನು ನಾಲ್ಕು ಸಿಗುತ್ತವೆ. ಮೂರು ಕಪಾಟಿಗೆ ಬೇಕಾದ ಆರು ಪಟ್ಟಿಯೂ ಆಯಿತು, ಒಂದು ಮಿಕ್ಕಿತು. ತಳದ ಹಲಗೆ 564 × 560 ಎರಡನೇ ಶೀಟಿನಲ್ಲಿ 8 ಬರುತ್ತವೆ.

ಹೀಗೆ ಒಂದು ಸಂಜೆ ಕೂತು ಬರೆದರೆ ಇಡೀ ಅಡುಗೆಮನೆಯ ಲೆಕ್ಕದಲ್ಲಿ ಶೀಟು ಉಳಿಯುವುದುಂಟು. ಇನ್ನೊಂದು ಮಾತು: 18 ಅಂತ ಕೊಟ್ಟ ಶೀಟು ನಿಜವಾಗಿ 17.5 ಇರಬಹುದು. ಕ್ಯಾಲಿಪರ್ ಹಿಡಿದು ಅಳೆದ ಮೇಲೆಯೇ ಒಳ ಅಗಲ ಬರೆಯಿರಿ. ಮರದ ಎಳೆ ಕಾಣುವ ಶೀಟಾದರೆ ಎಳೆಯ ದಿಕ್ಕನ್ನೂ ಪ್ರತಿ ತುಂಡಿನ ಮೇಲೆ ಬಾಣ ಹಾಕಿ ಗುರುತು ಮಾಡಿ.

ಪ್ರಶ್ನೆ: ಏನೇನು ಯಂತ್ರ ಬೇಕು?

ಸರ್ಕ್ಯುಲರ್ ಗರಗಸ, ಅದು ನೇರ ಓಡಲು ಒಂದು ಗೈಡ್ ಪಟ್ಟಿ, ಡ್ರಿಲ್, ಇನ್ನೊಂದು ಡ್ರಿಲ್ ಅಥವಾ ಸ್ಕ್ರೂ ಬಿಗಿಸುವ ಡ್ರೈವರ್, ನಾಲ್ಕಾರು ಕ್ಲ್ಯಾಂಪ್, ಒಳ್ಳೆಯ ಮೂಲೆಮಟ್ಟ, ಉದ್ದನೆಯ ರಸಮಟ್ಟ. ಹಿಂಜಿಗೆ 35 ಮಿ.ಮೀ. ಬಿಟ್. ಇಷ್ಟರಲ್ಲಿ ಇಡೀ ಅಡುಗೆಮನೆ ಆಗುತ್ತದೆ. ದೊಡ್ಡ ಟೇಬಲ್ ಗರಗಸ ಇಲ್ಲ ಅಂತ ಕೊರಗಬೇಡಿ. ದೊಡ್ಡ ಶೀಟುಗಳನ್ನು ಮಾರುವಲ್ಲೇ ಪ್ಯಾನೆಲ್ ಗರಗಸದಲ್ಲಿ ಕತ್ತರಿಸಿಕೊಡುತ್ತಾರಾ ಕೇಳಿ. ಕೊಟ್ಟರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಪ್ರಶ್ನೆ: ಕತ್ತರಿಸುವಾಗ ಪ್ಲೈವುಡ್‌ನ ಅಂಚು ಸಿಗಿದು ಹೋಗುತ್ತದೆ. ಏನು ಮಾಡಲಿ?

ಸರ್ಕ್ಯುಲರ್ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತದೆ. ಸಿಗಿಯುವುದು ಮೇಲಿನ ಮುಖ. ಆದ್ದರಿಂದ ಚೆಂದದ ಮುಖ ಕೆಳಗಿರಲಿ. ಟೇಬಲ್ ಗರಗಸದಲ್ಲಿ ಇದು ಉಲ್ಟಾ, ಚೆಂದದ ಮುಖ ಮೇಲೆ. ಜಾಸ್ತಿ ಹಲ್ಲಿನ ಬ್ಲೇಡ್ ಹಾಕಿ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕಟರ್‌ನಿಂದ ಗೆರೆಯನ್ನು ಮೊದಲೇ ಕೊರೆದುಕೊಂಡರೆ ಮೇಲಿನ ಪದರ ಏಳುವುದಿಲ್ಲ. ಶೀಟಿನ ಕೆಳಗೆ ದಪ್ಪ ಥರ್ಮೋಕೋಲ್ ಹಾಸಿ ಕತ್ತರಿಸಿ. ಆಗ ಎರಡೂ ತುಂಡಿಗೆ ಆಸರೆ ಇರುತ್ತದೆ, ಕೊನೆಯಲ್ಲಿ ತುಂಡು ಮುರಿದು ಬೀಳುವುದಿಲ್ಲ.

ಪ್ರಶ್ನೆ: ಬಾಕ್ಸ್ ಜೋಡಿಸುವುದು ಹೇಗೆ? ಬರೀ ಸ್ಕ್ರೂ ಸಾಕಾ?

ಬಿಳಿ ಅಂಟು ಮತ್ತು ಸ್ಕ್ರೂ ಎರಡೂ ಬೇಕು. ನಿಜವಾದ ಬಲ ಅಂಟಿನದು, ಅದು ಒಣಗುವ ತನಕ ಹಿಡಿದಿಡುವ ಕೆಲಸ ಸ್ಕ್ರೂವಿನದು. 18 ಮಿ.ಮೀ. ಹಲಗೆಗೆ 4 × 50ರ ಸ್ಕ್ರೂ ಸಾಕು. ಅಂಚಿನೊಳಗೆ ಹೋಗುವ ಪ್ರತಿ ಸ್ಕ್ರೂಗೂ ಮೊದಲು ಸಣ್ಣ ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಪದರಗಳು ಬಿರಿಯುತ್ತವೆ. ಲ್ಯಾಮಿನೇಟ್ ಅಂಟಿಸಿದ ಮುಖದ ಮೇಲೆ ಬಿಳಿ ಅಂಟು ಹಿಡಿಯುವುದಿಲ್ಲ ಅನ್ನುವುದು ನೆನಪಿರಲಿ. ಅಲ್ಲಿ ಸ್ಕ್ರೂ ಜಾಸ್ತಿ ಹಾಕಬೇಕು, ಅಥವಾ ಕೂಡುವ ಜಾಗದಲ್ಲಿ ಲ್ಯಾಮಿನೇಟ್ ಬಿಡಬೇಕು.

ಅಂಟು ಒಣಗುವ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಯಾವತ್ತೂ ಬಿಡಬೇಡಿ. ಒಂದು ಮೂಲೆಯಿಂದ ಎದುರಿನ ಮೂಲೆಗೆ ಟೇಪ್ ಹಿಡಿದು ಅಳೆಯಿರಿ, ಆಮೇಲೆ ಉಳಿದೆರಡು ಮೂಲೆ. ಎರಡೂ ಅಳತೆ ಒಂದೇ ಬಂದರೆ ಬಾಕ್ಸ್ ಮೂಲೆಮಟ್ಟಕ್ಕೆ ಇದೆ. 720 × 600ರ ಬಾಕ್ಸಿನಲ್ಲಿ ಅದು ಸುಮಾರು 937 ಬರಬೇಕು. ಒಂದು 939, ಇನ್ನೊಂದು 935 ಬಂತು ಅಂದುಕೊಳ್ಳಿ. ಉದ್ದ ಇರುವ ಕಡೆಯ ಎರಡು ಮೂಲೆಗಳಿಗೆ ಕ್ಲ್ಯಾಂಪ್ ಹಾಕಿ ನಿಧಾನವಾಗಿ ಬಿಗಿಸಿ. ಬಾಕ್ಸ್ ಕಣ್ಣೆದುರೇ ಸರಿಯುತ್ತದೆ. ಎರಡೂ 937ಕ್ಕೆ ಬಂದ ಕೂಡಲೇ ಹಿಂದಿನ ಹಲಗೆ ಹೊಡೆದುಬಿಡಿ. ಆಮೇಲೆ ಅದು ಅಲ್ಲಾಡುವುದಿಲ್ಲ. ಹಿಂದಿನ ಹಲಗೆ ಧೂಳು ತಡೆಯುವುದಕ್ಕೆ ಮಾತ್ರ ಅಂದುಕೊಂಡು ಕೆಲವರು ಬಿಟ್ಟುಬಿಡುತ್ತಾರೆ. ಬಾಕ್ಸ್ ಸೊಟ್ಟ ಆಗದಂತೆ ಹಿಡಿಯುವುದೇ ಅದು.

ಪ್ರಶ್ನೆ: ಕೆಳಗೆ ಬಾಗಿಲಿನ ಕಪಾಟು ಒಳ್ಳೆಯದಾ, ಡ್ರಾಯರ್ ಒಳ್ಳೆಯದಾ?

ಆದಷ್ಟೂ ಡ್ರಾಯರ್ ಮಾಡಿ. ಬಾಗಿಲಿನ ಕಪಾಟಿನಲ್ಲಿ ಹಿಂದಿರುವ ಪಾತ್ರೆ ತೆಗೆಯಲು ಮಂಡಿಯೂರಿ ಕೂರಬೇಕು, ಮುಂದಿರುವುದನ್ನೆಲ್ಲ ಹೊರಗೆ ತೆಗೆಯಬೇಕು. ಡ್ರಾಯರ್‌ನಲ್ಲಿ ಎಲ್ಲವೂ ಮೇಲಿನಿಂದಲೇ ಕಾಣುತ್ತದೆ. ವಯಸ್ಸಾದವರಿದ್ದ ಮನೆಯಲ್ಲಂತೂ ಎರಡು ಸಲ ಯೋಚಿಸದೆ ಡ್ರಾಯರ್ ಮಾಡಿ. ಖರ್ಚು ಜಾಸ್ತಿ, ಕೆಲಸವೂ ಜಾಸ್ತಿ, ಹೌದು. ಆ ಖರ್ಚನ್ನು ಬಾಗಿಲಿನ ಹೊಳಪಿನಲ್ಲಿ ಉಳಿಸಿ.

ಲೆಕ್ಕ ಸುಲಭ. ಡ್ರಾಯರ್ ಜಾರಲು ಪಕ್ಕಕ್ಕೆ ಹಾಕುವ ಬಾಲ್ ಬೇರಿಂಗ್ ಚಾನೆಲ್ ಒಂದೊಂದು ಕಡೆ 12.7 ಮಿ.ಮೀ. ಜಾಗ ಕೇಳುತ್ತದೆ. ಬಾಕ್ಸಿನ ಒಳ ಅಗಲ 564 ಆದರೆ ಡ್ರಾಯರಿನ ಹೊರ ಅಗಲ 538. ಒಂದು ಮಿ.ಮೀ. ಕಡಿಮೆಯಾದರೆ ತೆಳು ಪಟ್ಟಿ ಕೊಟ್ಟು ಸರಿಮಾಡಬಹುದು. ಒಂದು ಮಿ.ಮೀ. ಜಾಸ್ತಿಯಾದರೆ ಡ್ರಾಯರ್ ಬಿಗಿದು ನಿಲ್ಲುತ್ತದೆ, ಆಗ ಉಜ್ಜಬೇಕು. ಕೆಳಗೆ ಅಡಗಿ ಕೂರುವ ಚಾನೆಲ್‌ಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ಅದರ ಜೊತೆ ಬರುವ ಕಾಗದ ಓದಿಯೇ ಕತ್ತರಿಸಿ. 560 ಆಳದ ಬಾಕ್ಸಿಗೆ 500 ಮಿ.ಮೀ. ಚಾನೆಲ್ ಸರಿ. ಪೂರ್ತಿ ಹೊರಬರುವ ಚಾನೆಲ್ಲನ್ನೇ ಕೇಳಿ. ಅದು ಎಷ್ಟು ಕೆ.ಜಿ. ಹೊರುತ್ತದೆ ಅನ್ನುವುದನ್ನೂ ನೋಡಿ, ಪಾತ್ರೆಗಳ ಡ್ರಾಯರ್ ತುಂಬಾ ಭಾರ ಆಗುತ್ತದೆ.

ಪ್ರಶ್ನೆ: ಹಿಂಜ್ ಹಾಕುವುದು ಕಷ್ಟವಾ?

ಒಂದು ಸಲ ಜಿಗ್ (ಪ್ರತಿ ಸಲ ತೂತು ಒಂದೇ ಜಾಗಕ್ಕೆ ಬರುವಂತೆ ಮಾಡುವ ಅಚ್ಚು) ಹೊಂದಿಸಿಕೊಂಡರೆ ಸುಲಭ. ಒಳಗೆ ಅಡಗುವ ಕಪ್ ಹಿಂಜಿಗೆ 35 ಮಿ.ಮೀ. ಅಗಲದ ಗುಳಿ ಬೇಕು, ಆಳ ಸುಮಾರು 12ರಿಂದ 13. ಗುಳಿಯ ಅಂಚು ಬಾಗಿಲಿನ ಅಂಚಿನಿಂದ 4-5 ಮಿ.ಮೀ. ಒಳಗಿರಲಿ. 18 ಮಿ.ಮೀ. ಬಾಗಿಲಿನಲ್ಲಿ ಉಳಿಯುವುದು 5 ಮಾತ್ರ, ಹಾಗಾಗಿ ಬಿಟ್‌ಗೆ ತಡೆ ಹಾಕಿಕೊಂಡೇ ಕೊರೆಯಿರಿ. ಬಾಕ್ಸಿನ ಕಡೆ ಕೂರುವ ಪ್ಲೇಟಿನ ತೂತು ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಬರುತ್ತದೆ. ಎರಡು ತೂತುಗಳ ನಡುವೆ 32. ಈ 37 ಮತ್ತು 32 ಎಲ್ಲ ಕಡೆ ಒಪ್ಪಿಕೊಂಡ ಅಳತೆ. ಬಾಗಿಲು 900 ಎತ್ತರದ ತನಕ ಎರಡು ಹಿಂಜ್ ಸಾಕು, ಅದಕ್ಕಿಂತ ಎತ್ತರಕ್ಕೆ ಮೂರು, ಆಳೆತ್ತರದ ಬಾಗಿಲಿಗೆ ನಾಲ್ಕು.

ಪ್ರಶ್ನೆ: ಶೆಲ್ಫ್ ಹಲಗೆ ವರ್ಷ ಕಳೆದಂತೆ ಬಾಗುತ್ತದೆ. ಯಾಕೆ?

ಉದ್ದ ಜಾಸ್ತಿ ಆಗಿರುತ್ತದೆ. ಹಲಗೆಯ ತುಂಬ ಒಂದೇ ಸಮ ಸಾಮಾನು ಇಟ್ಟಾಗ, ಉದ್ದ ಎರಡರಷ್ಟಾದರೆ ಬಾಗುವುದು 16 ಪಟ್ಟು ಆಗುತ್ತದೆ. ದಪ್ಪವನ್ನು 18ರಿಂದ 25ಕ್ಕೆ ಏರಿಸಿದರೆ ಬಾಗುವುದು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ದಪ್ಪ ಹಲಗೆಗಿಂತ ಸುಲಭದ ದಾರಿ ಇದೆ: ಶೆಲ್ಫಿನ ಮುಂದಿನ ಅಂಚಿಗೆ 40 ಮಿ.ಮೀ. ಎತ್ತರದ ಗಟ್ಟಿ ಮರದ ಪಟ್ಟಿ ಅಂಟಿಸಿ. 18 ಮಿ.ಮೀ. ಪ್ಲೈವುಡ್ ಶೆಲ್ಫನ್ನು ಆಸರೆ ಇಲ್ಲದೆ 800 ಮಿ.ಮೀ. ದಾಟಿಸಬೇಡಿ.

ಪ್ರಶ್ನೆ: ನಮ್ಮ ಗೋಡೆ, ನೆಲ ಎರಡೂ ಸೊಟ್ಟ. ಕಪಾಟು ನೆಟ್ಟಗೆ ಕೂರುವುದು ಹೇಗೆ?

ಯಾವ ಮನೆಯ ಗೋಡೆಯೂ ನೆಟ್ಟಗಿರುವುದಿಲ್ಲ. ಅದನ್ನು ಒಪ್ಪಿಕೊಂಡೇ ಶುರು ಮಾಡಬೇಕು. ಕಪಾಟು ಗೋಡೆಯ ಮಾತು ಕೇಳಬಾರದು, ರಸಮಟ್ಟದ ಮಾತು ಕೇಳಬೇಕು.

ಮೊದಲು ಕಪಾಟು ಬರುವ ಉದ್ದಕ್ಕೂ ನೆಲದ ಅತಿ ಎತ್ತರದ ಜಾಗ ಹುಡುಕಿ. ಲೇಸರ್ ಇದ್ದರೆ ಗೋಡೆಯ ಮೇಲೆ ಒಂದು ಮಟ್ಟದ ಗೆರೆ ಬಿಡಿ, ಅಲ್ಲಿಂದ ನೆಲಕ್ಕೆ ಅಲ್ಲಲ್ಲಿ ಅಳೆಯಿರಿ. ಎಲ್ಲಿ ಅಳತೆ ಕಡಿಮೆ ಬರುತ್ತದೋ ಅದೇ ಎತ್ತರದ ಜಾಗ. ಲೇಸರ್ ಇಲ್ಲದಿದ್ದರೆ ನೀರು ತುಂಬಿದ ಪಾರದರ್ಶಕ ಪೈಪು ಇದೆ, ಅದು ಸುಳ್ಳು ಹೇಳುವುದಿಲ್ಲ. ಎತ್ತರದ ಜಾಗದಲ್ಲಿ ಮೊದಲ ಬಾಕ್ಸ್ ಕೂರಿಸಿ. ಉಳಿದವನ್ನು ತಿರುಗಿಸುವ ಕಾಲುಗಳಿಂದ ಅದರ ಮಟ್ಟಕ್ಕೆ ಎತ್ತಿ. ತಗ್ಗಿನಿಂದ ಶುರು ಮಾಡಿದರೆ ಎತ್ತರದ ಕಡೆ ಬಂದಾಗ ಬಾಕ್ಸಿನ ಬುಡ ಕತ್ತರಿಸಬೇಕಾಗುತ್ತದೆ.

ಬಾಕ್ಸುಗಳನ್ನು ಮೊದಲು ಒಂದಕ್ಕೊಂದು ಕ್ಲ್ಯಾಂಪ್ ಹಾಕಿ ಸ್ಕ್ರೂ ಮಾಡಿ, ಆಮೇಲೆ ಗೋಡೆಗೆ. ಗೋಡೆ ಒಳಗೆ ಹೋಗಿರುವ ಕಡೆ ಸಂದಿಗೆ ಮರದ ಬೆಣೆ ಕೊಟ್ಟು ಅದರ ಮೂಲಕವೇ ಸ್ಕ್ರೂ ಬಿಡಿ. ಬೆಣೆ ಕೊಡದೆ ಬಿಗಿಸಿದರೆ ಬಾಕ್ಸ್ ಗೋಡೆಯ ಜೊತೆ ಸೊಟ್ಟಗಾಗುತ್ತದೆ. ಅಷ್ಟು ಕಷ್ಟಪಟ್ಟು ಮೂಲೆಮಟ್ಟಕ್ಕೆ ತಂದದ್ದೆಲ್ಲ ಹೋಯಿತು.

ಸಾಲಿನ ಕೊನೆಯಲ್ಲಿ ಗೋಡೆಗೆ ಬಾಕ್ಸ್ ತಾಗಿಸಬೇಡಿ. 30ರಿಂದ 50 ಮಿ.ಮೀ. ಬಿಟ್ಟು, ಅಲ್ಲಿ ಒಂದು ಫಿಲ್ಲರ್ ಪಟ್ಟಿ ಕೊಡಿ. ಪಟ್ಟಿಯನ್ನು ಗೋಡೆಗೆ ಒತ್ತಿ ಹಿಡಿದು, ಪೆನ್ಸಿಲ್ ಕಟ್ಟಿದ ಕೈವಾರದ ಒಂದು ಕಾಲನ್ನು ಗೋಡೆಯ ಮೇಲೆ ಎಳೆಯುತ್ತಾ ಬನ್ನಿ. ಗೋಡೆಯ ಉಬ್ಬು ತಗ್ಗೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಗೆ ಉಜ್ಜಿದರೆ ಪಟ್ಟಿ ಗೋಡೆಗೆ ಅಂಟಿಕೊಂಡಂತೆ ಕೂರುತ್ತದೆ. ಈ ಪಟ್ಟಿಯಿಂದ ಇನ್ನೊಂದು ಲಾಭ: ಕೊನೆಯ ಬಾಗಿಲು, ಡ್ರಾಯರ್ ಗೋಡೆಗೆ ಬಡಿಯದೆ ಪೂರ್ತಿ ತೆರೆಯುತ್ತವೆ.

ಪ್ರಶ್ನೆ: ಮೇಲಿನ ಕಪಾಟು ಬೀಳದಂತೆ ಹೇಗೆ ಹಾಕುವುದು?

18 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ. ಒಂದು ಭಾಗ ಗೋಡೆಗೆ, ಇನ್ನೊಂದು ಕಪಾಟಿನ ಬೆನ್ನಿಗೆ. ಎತ್ತಿ ಇಟ್ಟರೆ ಒಂದರೊಳಗೊಂದು ಕೂತು, ಭಾರ ಜಾಸ್ತಿಯಾದಷ್ಟೂ ಬಿಗಿಯಾಗುತ್ತದೆ. ಒಬ್ಬರೇ ಇದ್ದರೂ ಹಾಕಬಹುದು. ಕಬ್ಬಿಣದ ರೈಲು ಸಿಕ್ಕರೆ ಅದೂ ಸರಿ. ಬೆನ್ನಿನ ಪಟ್ಟಿ ಪಕ್ಕದ ದಪ್ಪ ಹಲಗೆಗಳಿಗೆ ಸೇರಿರಬೇಕು. ಬರೀ 6 ಮಿ.ಮೀ. ಹಿಂದಿನ ಹಲಗೆಗೆ ಸ್ಕ್ರೂ ಹೊಡೆದು ನೇತು ಹಾಕುವುದು ಅಪಾಯ.

ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಪ್ಲಗ್, ಗೋಡೆ ಯಾವುದು ಅನ್ನುವುದರ ಮೇಲೆ ಬೇರೆ ಬೇರೆ. ಗಟ್ಟಿ ಇಟ್ಟಿಗೆ, ಕಾಂಕ್ರೀಟಿಗೆ ನೈಲಾನ್ ಪ್ಲಗ್ ಸಾಕು. ಟೊಳ್ಳು ಬ್ಲಾಕಿಗೆ ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು) ಬೇಕು. ಮರದ ಚೌಕಟ್ಟಿನ ಗೋಡೆಯಾದರೆ ಸ್ಕ್ರೂ ಒಳಗಿನ ಕಂಬಕ್ಕೇ ಹೋಗಬೇಕು. ಪ್ಲಗ್ಗಿನ ಹಿಡಿತ ಗಾರೆಯಲ್ಲಿ ಅಲ್ಲ, ಅದರ ಹಿಂದಿನ ಗೋಡೆಯಲ್ಲಿ ಇರಬೇಕು. ಮೇಲಿನ ಕಪಾಟನ್ನು ಕೆಳಗಿನದಕ್ಕಿಂತ ಮೊದಲೇ ಹಾಕಿ, ನಿಲ್ಲಲು ಜಾಗ ಇರುತ್ತದೆ. ಆಳ 300ರಿಂದ 350 ಸಾಕು. ಕೌಂಟರಿನಿಂದ 50-60 ಸೆಂ.ಮೀ. ಮೇಲೆ ಇರಲಿ.

ಪ್ರಶ್ನೆ: ಸಿಂಕ್ ಕೆಳಗಿನ ಕಪಾಟು ಬೇಗ ಹಾಳಾಗುತ್ತದಲ್ಲ?

ಅದಕ್ಕೆ ಕಾರಣ ತೆರೆದ ಅಂಚುಗಳು. ಪೈಪು ಹೋಗಲು ಕೊರೆದ ತೂತಿನ ಒಳ ಅಂಚನ್ನು ಯಾರೂ ಮುಚ್ಚುವುದಿಲ್ಲ. ನೀರು ಹೊಗುವುದು ಅಲ್ಲಿಂದಲೇ. ಕೊರೆದ ತಕ್ಷಣ ಎಪಾಕ್ಸಿ ಅಥವಾ ದಪ್ಪ ಪಾಲಿಯುರೆಥೇನ್ ಎರಡು ಕೋಟ್ ಬಳಿಯಿರಿ. ತಳದ ಹಲಗೆಯ ಕೆಳಮುಖಕ್ಕೂ ಬಳಿಯಿರಿ. ಹಿಂದಿನ ಹಲಗೆಯನ್ನು ಇಲ್ಲಿ ಮಾತ್ರ ಬಿಚ್ಚುವಂತೆ ಮಾಡಿ, ಅದರ ಬದಲು ಬಾಕ್ಸಿನ ಬಿಗಿಗೆ ಹಿಂದೆ ಎರಡು ಅಗಲ ಪಟ್ಟಿ ಕೊಡಿ. ತಳದಲ್ಲಿ ಏರು ಅಂಚಿನ ಒಂದು ಟ್ರೇ ಇಟ್ಟರೆ ಸೋರಿಕೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಮೂಲೆಯ ಜಾಗ ಏನು ಮಾಡಲಿ?

ಜಾಗ ಸಾಕಷ್ಟಿದ್ದರೆ ಮುಚ್ಚಿಬಿಡಿ, ಎರಡೂ ಕಡೆ ಅಗಲವಾದ ಡ್ರಾಯರ್ ಮಾಡಿ. ಮೂಲೆಗೆ ಸಿಗುವ ತಿರುಗು ಬುಟ್ಟಿಗಳು ಚೆನ್ನಾಗಿವೆ, ಆದರೆ ದುಬಾರಿ. ಕೊಡುವ ಜಾಗವೂ ಅಂದುಕೊಂಡಷ್ಟಿಲ್ಲ.

ಪ್ರಶ್ನೆ: ಲ್ಯಾಮಿನೇಟ್ ಹಾಕಲಾ, ಬಣ್ಣ ಹೊಡೆಯಲಾ?

ಮೊದಲ ಸಲ ಮಾಡುವವರಿಗೆ ಲ್ಯಾಮಿನೇಟ್ ಒಳ್ಳೆಯದು. ಒರೆಸುವುದು ಸುಲಭ, ಗೀಚು ಬೀಳುವುದು ಕಡಿಮೆ. ಬಾಗಿಲಿನ ಒಂದೇ ಮುಖಕ್ಕೆ ಹಾಕಿದರೆ ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದೆ. ಹೊರಗೆ 1 ಮಿ.ಮೀ., ಒಳಗೆ 0.8ರ ಲೈನರ್ (ಒಳಮುಖಕ್ಕೆ ಹಾಕುವ ತೆಳು ಲ್ಯಾಮಿನೇಟ್) ಹಾಕಿ, ಎರಡೂ ಕಡೆ ಎಳೆತ ಸರಿಸುಮಾರು ಸಮ ಆಗುತ್ತದೆ. ಅಂಚಿಗೆ ಪಿವಿಸಿ ಎಡ್ಜ್ ಬ್ಯಾಂಡ್, ಬಾಗಿಲಿಗೆ 2 ಮಿ.ಮೀ., ಬಾಕ್ಸಿಗೆ 1 ಸಾಕು. ಬಾಗಿಲಿನ ಕೆಳ ಅಂಚು ಕಾಣುವುದಿಲ್ಲ ಅಂತ ಬಿಡಬೇಡಿ.

ಬಣ್ಣವೇ ಬೇಕು ಅಂದರೆ ಪ್ರೈಮರ್, ಮರಳು ಕಾಗದ, ಮತ್ತೆ ಪ್ರೈಮರ್, ಆಮೇಲೆ ಬಣ್ಣ. ಕೈಗೆ ಒಣಗಿದ್ದು ಗೊತ್ತಾದರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯ ತನಕ ಹದವಾಗಿ ಬಳಸಿ.

ಮರಕ್ಕೆ ಅಗಸೆ ಎಣ್ಣೆ ಒರೆಸುವುದಾದರೆ ಒಂದು ಎಚ್ಚರಿಕೆ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಪ್ರಶ್ನೆ: ಕೌಂಟರಿಗೆ ಯಾವ ಕಲ್ಲು?

ಗ್ರಾನೈಟ್ ಬಿಸಿ ತಡೆಯುತ್ತದೆ, ಗೀಚು ಬೀಳುವುದು ಕಡಿಮೆ. ಮಾರ್ಬಲ್ ಮೇಲೆ ಹುಳಿ ಬಿದ್ದರೆ ಕಲೆ ಅಲ್ಲ, ಕಲ್ಲೇ ಸವೆಯುತ್ತದೆ. ಕ್ವಾರ್ಟ್ಜ್ ಅಂದರೆ ಕಲ್ಲಿನ ಪುಡಿಯನ್ನು ರೆಸಿನ್‌ನಲ್ಲಿ ಕೂಡಿಸಿದ್ದು. ಕಾದ ಪಾತ್ರೆ ನೇರ ಇಟ್ಟರೆ ರೆಸಿನ್ ಸುಡುತ್ತದೆ. ಅದನ್ನು ಒಣಗಾಗಿ ಕತ್ತರಿಸಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ತಿಂದುಬಿಡುತ್ತದೆ. ಕೆಲಸಗಾರರಿಗೆ ಸಿಲಿಕೋಸಿಸ್ ಬರುತ್ತಿದ್ದ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನು ನಿಷೇಧಿಸಿತು. ಯಾವ ಕಲ್ಲೇ ಆಗಲಿ, ನಿಮ್ಮ ಮನೆಯಲ್ಲಿ ಕತ್ತರಿಸುವವರಿಗೆ ನೀರು ಬಿಟ್ಟುಕೊಂಡು, ಮಾಸ್ಕ್ ಹಾಕಿಕೊಂಡೇ ಕತ್ತರಿಸಲು ಹೇಳಿ.

20 ಮಿ.ಮೀ. ಗ್ರಾನೈಟ್ ಒಂದು ಚದರ ಮೀಟರಿಗೆ ಸುಮಾರು 55 ಕೆ.ಜಿ. ತೂಗುತ್ತದೆ. ಕಾಲುಗಳು ಪಕ್ಕದ ಹಲಗೆಯ ನೇರ ಕೆಳಗೇ ಬರಬೇಕು, ತಳದ ಹಲಗೆಯ ನಡುವೆ ಅಲ್ಲ.

ಪ್ರಶ್ನೆ: ಚಿಮಣಿ, ಲೈಟು, ಪ್ಲಗ್ ಪಾಯಿಂಟ್ ಬಗ್ಗೆ ಏನು ನೋಡಬೇಕು?

ಗ್ಯಾಸ್ ಸ್ಟವ್‌ನಿಂದ ಚಿಮಣಿಗೆ ಸಾಮಾನ್ಯವಾಗಿ 65ರಿಂದ 75 ಸೆಂ.ಮೀ. ಇರುತ್ತದೆ. ನಿಮ್ಮ ಚಿಮಣಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಹೊರಗೆ ಹೋಗುವ ಪೈಪಿನ ಉದ್ದ, ತಿರುವು ಎರಡೂ ಕಡಿಮೆ ಇದ್ದಷ್ಟೂ ಹೊಗೆ ಚೆನ್ನಾಗಿ ಎಳೆಯುತ್ತದೆ. ಚಿಮಣಿಯ ಬಾಯಿಯ ಅಗಲಕ್ಕಿಂತ ಸಣ್ಣ ಪೈಪು ಹಾಕಿಸಬೇಡಿ.

ಓವನ್‌ಗೆ ಬೇರೆ ಲೈನು, ಅಡುಗೆಮನೆಯ ಸರ್ಕ್ಯೂಟಿಗೆ 30 ಮಿಲಿಆಂಪ್‌ನ ಆರ್‌ಸಿಡಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸಾಧನ). ಚಾವಣಿಯ ಲೈಟೊಂದೇ ಇದ್ದರೆ ಹೆಚ್ಚುವ ಜಾಗದ ಮೇಲೆ ನಿಮ್ಮದೇ ನೆರಳು ಬೀಳುತ್ತದೆ. ಮೇಲಿನ ಕಪಾಟಿನ ಕೆಳಗೆ, ಮುಂದಿನ ಅಂಚಿನ ಹತ್ತಿರ ಎಲ್ಇಡಿ ಪಟ್ಟಿ ಹಾಕಿ. ಅದರ ವೈರು ಹೋಗುವ ದಾರಿಯನ್ನು ಬಾಕ್ಸ್ ಕಟ್ಟುವಾಗಲೇ ಬಿಟ್ಟಿರಬೇಕು.

ಪ್ರಶ್ನೆ: ಮರದ ಧೂಳು ಅಪಾಯವಾ?

ಅಪಾಯ. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಗುರುತಿಸಿದೆ. ಆದಷ್ಟೂ ಬಯಲಿನಲ್ಲಿ ಕತ್ತರಿಸಿ, ಗರಗಸಕ್ಕೆ ವ್ಯಾಕ್ಯೂಮ್ ಕಟ್ಟಿ, ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಹಾಕಿ. ಸುಮ್ನೆ ಮುಖಕ್ಕೆ ಕರ್ಚೀಫ್ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಕನ್ನಡಕ ಮತ್ತು ಕಿವಿಗೆ ರಕ್ಷಣೆಯೂ ಬೇಕು. ಗರಗಸ ಹಿಡಿದಾಗ ಕೈಗವಸು ಮಾತ್ರ ಬೇಡ, ಬ್ಲೇಡ್ ಅದನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಪ್ರಶ್ನೆ: ಎಲ್ಲ ಮುಗಿದ ಮೇಲೆ ಬಾಗಿಲುಗಳು ಒಂದೇ ಸಾಲಿನಲ್ಲಿ ಇಲ್ಲ. ಮತ್ತೆ ಬಿಚ್ಚಬೇಕಾ?

ಬಿಚ್ಚಬೇಡಿ. ಕಪ್ ಹಿಂಜ್‌ನಲ್ಲಿ ಬಾಗಿಲನ್ನು ಮೂರು ದಿಕ್ಕಿಗೂ ಸರಿಸಬಹುದು. ಮುಂದಿನ ಸ್ಕ್ರೂ ಬಾಗಿಲನ್ನು ಎಡಕ್ಕೆ ಬಲಕ್ಕೆ ಒಯ್ಯುತ್ತದೆ, ಹಿಂದಿನದು ಒಳಗೆ ಹೊರಗೆ, ಪ್ಲೇಟಿನ ಸ್ಕ್ರೂ ಮೇಲೆ ಕೆಳಗೆ. ಮೊದಲು ಎತ್ತರ ಸರಿಮಾಡಿ, ಆಮೇಲೆ ಪಕ್ಕ, ಕೊನೆಗೆ ಆಳ. ಎರಡು ಬಾಗಿಲ ನಡುವೆ 3 ಮಿ.ಮೀ. ಸಂದು ಮೇಲಿನಿಂದ ಕೆಳಗಿನ ತನಕ ಒಂದೇ ಸಮ ಬರಬೇಕು. 3 ಮಿ.ಮೀ. ದಪ್ಪದ ಒಂದು ತುಂಡು ಸಂದಿನಲ್ಲಿ ಹಿಡಿದು ನೋಡುತ್ತಾ ಹೋದರೆ ಬೇಗ ಆಗುತ್ತದೆ. ಎಷ್ಟು ತಿರುಗಿಸಿದರೂ ಸರಿಯಾಗದಿದ್ದರೆ ತಪ್ಪು ಹಿಂಜಿನದಲ್ಲ, ಬಾಕ್ಸ್ ಸೊಟ್ಟ ಕೂತಿದೆ. ಗೋಡೆಯ ಸ್ಕ್ರೂ ಸಡಿಲ ಮಾಡಿ, ಬೆಣೆ ಸರಿಮಾಡಿ, ಮೂಲೆಯಿಂದ ಮೂಲೆಗೆ ಮತ್ತೆ ಅಳೆದು ಬಿಗಿಸಿ. ಕಲ್ಲು ಹಾಕುವ ಮೊದಲೇ ಎಲ್ಲ ಬಾಗಿಲನ್ನೂ ಒಮ್ಮೆ ಹಾಕಿ ನೋಡಿದ್ದರೆ ಈ ಕೆಲಸ ಹತ್ತು ನಿಮಿಷದ್ದು.